ಕನ್ನಡ ಫಾಂಟ್‌ಗಳ ಮುಕ್ತ ಪರವಾನಗಿ

ಗಣಕದಲ್ಲಿ ಕನ್ನಡ ಅಕ್ಷರ ಮೂಡಿಸುವ ಫಾಂಟನ್ನು ಯಾರು ಬಳಸಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು ಎಂಬುದನ್ನು ನಿರ್ಧರಿಸುವ ಷರತ್ತುಗಳು. ಫಾಂಟ್ ಕಡತವನ್ನು ತಂತ್ರಾಂಶವೆಂದೇ ಎಣಿಸುವುದು ರೂಢಿ. ಹಾಗಾಗಿ ತಂತ್ರಾಂಶಗಳಿಗಾಗಿ ಹುಟ್ಟಿದ ಪರವಾನಗಿಗಳೇ ಮೊದಲಿಗೆ ಫಾಂಟ್‌ಗಳಿಗೂ ಬಂದವು.

1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ಎರಡೂ ಕನ್ನಡ ತಂತ್ರಾಂಶಗಳು ಪುಕ್ಕಟೆಯಾಗಿ ಸಿಕ್ಕಿದ್ದರಿಂದ ಊರೂರಿನ ಡಿಟಿಪಿ ಅಂಗಡಿಗಳನ್ನು ಸೇರಿದವು. ಪುಕ್ಕಟೆ ಸಿಕ್ಕಿದ್ದನ್ನೆಲ್ಲ ತಿದ್ದಿ ಹಂಚಬಹುದೆಂಬ ನಂಬಿಕೆಯೂ ಜತೆಗೇ ಬೆಳೆಯಿತು. ಅದು ತಪ್ಪು. ವಿಂಡೋಸ್‌ನೊಂದಿಗೆ ಬರುವ ‘ತುಂಗಾ’ ಫಾಂಟಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ಆದರೆ ಅದನ್ನು ತೆಗೆದು ನಮ್ಮ ಆ್ಯಪಿನೊಳಗೆ ಸೇರಿಸಿ ಹಂಚುವ ಹಕ್ಕು ನಮಗಿಲ್ಲ.

ಮುಕ್ತ ಪರವಾನಗಿಗಳಲ್ಲಿ ತೀರ ಸಡಿಲವಾದವು ಎಂಐಟಿ, ಬಿಎಸ್‌ಡಿ ಮತ್ತು ಅಪಾಚೆ 2.0. ಹಕ್ಕುಸ್ವಾಮ್ಯದ ಸಾಲನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡರೆ ಮಾರಾಟಕ್ಕೂ ಅಡ್ಡಿಯಿಲ್ಲ. ಅಪಾಚೆಯಲ್ಲಿ, ತಿದ್ದಿದ ಕಡತದಲ್ಲಿ ತಿದ್ದಿದ್ದೇವೆಂದು ನಮೂದಿಸಬೇಕು. ಜಿಪಿಎಲ್ ಬಿಗಿ: ತಿದ್ದಿ ಹಂಚಿದವರು ಮೂಲ ಆಕರವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಫಾಂಟಿನ ವಿಷಯದಲ್ಲಿ ಇದೊಂದು ತೊಡಕು ತಂದಿತು. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡರೆ ಆ ಪುಸ್ತಕಕ್ಕೂ ಜಿಪಿಎಲ್ ತಗುಲುತ್ತದೆಯೇ? ‘ಗುಬ್ಬಿ’ಯಂಥ ಕನ್ನಡ ಫಾಂಟ್ ಜಿಪಿಎಲ್ ಜತೆಗೆ ‘ಫಾಂಟ್ ವಿನಾಯಿತಿ’ಯನ್ನು ಸೇರಿಸಿಕೊಂಡದ್ದು ಇದಕ್ಕೇ.

ಈ ಗೊಂದಲವನ್ನು ನೇರವಾಗಿ ಬಗೆಹರಿಸಿದ್ದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ಇದರ 1.1ನೇ ಆವೃತ್ತಿ 2007ರದು. ರೆಡ್ ಹ್ಯಾಟ್ ಪೋಷಿಸಿದ ‘ಲೋಹಿತ್’ 2011ರಲ್ಲಿ ಜಿಪಿಎಲ್ ಬಿಟ್ಟು ಇದಕ್ಕೆ ಬಂದಿತು. ಗೂಗಲ್‌ನ ‘ನೋಟೊ’ 2015ರಲ್ಲಿ ಅಪಾಚೆ ಬಿಟ್ಟು ಬಂದಿತು. ಒಂದು ಬಿಗಿಯಿಂದ, ಇನ್ನೊಂದು ಸಡಿಲದಿಂದ ಹೊರಟು ಒಂದೇ ಕಡೆ ಸೇರಿದ್ದು ಗಮನಾರ್ಹ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನಡಕ’ ಕೂಡ ಇದೇ ಪರವಾನಗಿಯಲ್ಲಿದೆ.

ಇದರ ಪ್ರಕಾರ ಹೊರಕೆರೆದೇವಪುರದ ಅಂಗಡಿಯವರು ನೋಟೊದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿ ಮಾರಿದರೆ ಯಾರ ಅಪ್ಪಣೆಯೂ ಬೇಡ, ಪತ್ರಿಕೆಯಲ್ಲಿ ಫಾಂಟಿನ ಹೆಸರೂ ಬೇಡ. ಷರತ್ತು ಶುರುವಾಗುವುದು ಫಾಂಟ್ ಕಡತವನ್ನೇ ಹಂಚಿದಾಗ. ಬಿಡಿಯಾಗಿ ಅದನ್ನಷ್ಟೇ ಮಾರುವಂತಿಲ್ಲ. ಬೇರೆ ತಂತ್ರಾಂಶದ ಜತೆ ಸೇರಿಸಿ ಮಾರಬಹುದು. ಪರವಾನಗಿಯ ಪಠ್ಯ ಜತೆಗಿರಬೇಕು. ಅರ್ಕಾವತ್ತೋ ಒತ್ತಕ್ಷರವೋ ಸರಿಯಿಲ್ಲವೆಂದು ತಿದ್ದಿದವರು ಹೊಸ ಫಾಂಟನ್ನೂ ಇದೇ ಪರವಾನಗಿಯಲ್ಲಿ ಹಂಚಬೇಕು. ಮೂಲದವರು ಹೆಸರನ್ನು ಕಾಯ್ದಿರಿಸಿದ್ದರೆ ಬೇರೆ ಹೆಸರಿಡಬೇಕು. ಹೆಸರಿನ ಈ ನಿಯಮ ಕಿರಿಕಿರಿ ಎನಿಸಿದರೂ, ಒಂದೇ ಹೆಸರಿನ ಎರಡು ಫಾಂಟ್‌ಗಳಿಂದ ಪುಟದ ಸಾಲುಗಳು ಅಸ್ತವ್ಯಸ್ತವಾದದ್ದನ್ನು ಕಂಡವರು ಇದನ್ನು ಒಪ್ಪುತ್ತಾರೆ.

ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟುವಾಗ ಮೊದಲು ಕಳೆದುಹೋಗುವುದು ಪರವಾನಗಿಯ ಪುಟ್ಟ ಪಠ್ಯ ಕಡತ. ಅದಿಲ್ಲದೆ ಕೈಗೆ ಬಂದ ಫಾಂಟನ್ನು ಹಂಚಬಹುದೇ ಎಂಬುದು ತಿಳಿಯುವುದಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಗಣಕ ಪ್ರೋಗ್ರಾಮುಗಳನ್ನು ಕಥೆ, ಕವಿತೆಗಳಂತೆ ಸಾಹಿತ್ಯ ಕೃತಿಗಳೆಂದೇ ಎಣಿಸುತ್ತದೆ. ಕರ್ತೃ ಪರವಾನಗಿಯನ್ನೇ ಕೊಡದ ತಂತ್ರಾಂಶವನ್ನು ಮರುಹಂಚುವ ಹಕ್ಕು ಬಳಕೆದಾರನಿಗೆ ತಾನಾಗಿ ಬರುವುದಿಲ್ಲ.