ಕಾಗೆ ಕುಟುಕಿದರೆ ಯಾರ ದೋಷ?

ಕನ್ನಡನಾಡಿನ ಹಲವೆಡೆಯಂತೆ ನಮ್ಮೂರು ಐವರ್ನಾಡಿನ ಸುತ್ತಲೂ ಕಾಗೆ ತಲೆಗೆ ಬಡಿದರೆ ಅಪಶಕುನವೆಂಬ ನಂಬಿಕೆ ಹಳೆಯದು. ಕಾಗೆ ಶನಿಯ ವಾಹನ. ಶ್ರಾದ್ಧದ ಪಿಂಡ ಮುಟ್ಟಬೇಕಾದದ್ದೂ ಅದೇ. ಅದರ ಕೋಪವನ್ನು ಗ್ರಹಚಾರದ ಇಲ್ಲವೇ ಹಿರಿಯರ ಲೆಕ್ಕಕ್ಕೆ ಬರೆದದ್ದು ಸಹಜ. ಆದರೆ ಈ ಶಕುನಕ್ಕೊಂದು ಋತುವಿದೆ. ಮರಿ ಗೂಡಿನಲ್ಲಿರುವ, ಇಲ್ಲವೇ ಹಾರಲು ಬಾರದೆ ಕೆಳಗೆ ಬಿದ್ದಿರುವ ಕೆಲವು ವಾರ ಮಾತ್ರ, ಒಂದೇ ಮರದ ಆಸುಪಾಸಿನಲ್ಲಿ, ಹೆಚ್ಚಾಗಿ ಬೆನ್ನ ಹಿಂದಿನಿಂದ ಕಾಗೆ ಎರಗುತ್ತದೆ. ಮರಿ ಹಾರಿತೆಂದರೆ ದೋಷವೂ ಹಾರಿತು. ಅಡಿಕೆ ತೋಟದ ಕಾಜಾಣ ತನ್ನ ಗೂಡಿನ ಬಳಿ ಸುಳಿದ ಗಿಡುಗವನ್ನೂ ಇದೇ ಕಾಗೆಯನ್ನೂ ಅಟ್ಟಿಸಿಕೊಂಡು ಹೋಗುತ್ತದೆ; ಅದನ್ನು ಕಾಗೆಯ ಗ್ರಹಚಾರವೆಂದು ಯಾರೂ ಹೇಳಲಿಲ್ಲ!

ದಾರಿಯಲ್ಲಿ ಹತ್ತು ಮಂದಿ ಹೋದರೂ ಒಬ್ಬನನ್ನೇ ಏಕೆ ಕುಟುಕಬೇಕು, ದೋಷ ಅವನದೇ ಅಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ತಂಡ ಮುಖವಾಡ ತೊಟ್ಟು ಕಾಗೆಗಳನ್ನು ಹಿಡಿದು ಬಿಟ್ಟಿತು. ಆಮೇಲೆ ವರ್ಷಗಟ್ಟಲೆ, ಆ ಮುಖವಾಡವನ್ನು ಯಾರೇ ತೊಟ್ಟು ಬರಲಿ, ಕಾಗೆಗಳು ಕೂಗಿ ಮೇಲೆರಗಿದವು. ಅಲ್ಲಿನದು ಬೇರೆ ಜಾತಿ, ನಿಜ; ಕುಲ ಒಂದೇ. ತೆಂಗಿನಮರ ಹತ್ತಿ ಗೂಡು ಕದಲಿಸಿದವನ ಮುಖವನ್ನು ನಮ್ಮೂರ ಕಾಗೆಯೂ ನೆನಪಿಟ್ಟರೆ ಅಚ್ಚರಿಯೇನಿಲ್ಲ. ಹಾಗೆ ನೋಡಿದರೆ ‘ದೋಷ ಅವನದೇ’ ಎಂದ ಹಿರಿಯರು ಪೂರ್ತಿ ತಪ್ಪಿರಲಿಲ್ಲ, ಜಾತಕದಲ್ಲಿ ಹುಡುಕಿದ್ದಷ್ಟೇ ತಪ್ಪು. ಪರಿಹಾರವೂ ತೋಟದಲ್ಲೇ ಇತ್ತು: ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ.