ಐದನೇ ಕ್ರಾಸ್ ಎಲ್ಲಿದೆ ಸಾರ್? - ಪೈಥಾನ್ ಪ್ರೋಗ್ರಾಂ ತನ್ನ ಫೈಲು ಹುಡುಕಿದ ಕಥೆ

ಸ್ವಲ್ಪ ತಾಂತ್ರಿಕ ಬರಹ. ಆದರೆ ಕೊನೆಗೆ ಬಂದು ನಿಲ್ಲೋದು ಕನ್ನಡದ ವಿಷಯಕ್ಕೇ, ಹಾಗಾಗಿ ಪೂರ್ತಿ ಓದಿ :)

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಆಟೋ ಹತ್ತಿ ಬರೀ "ಐದನೇ ಕ್ರಾಸ್" ಅಂದು ನೋಡಿ. "ಯಾವ ಐದನೇ ಕ್ರಾಸ್ ಸಾರ್?" ಅಂತ ಆಟೋದವರು ಕೇಳೇ ಕೇಳ್ತಾರೆ. ರಾಜಾಜಿನಗರದಲ್ಲಿ ನಿಂತು ಕೇಳಿದರೆ ಒಂದು, ವಿಜಯನಗರದಲ್ಲಿ ನಿಂತು ಕೇಳಿದರೆ ಇನ್ನೊಂದು. ಕಾಗದಗಳಾದರೂ ಸರಿಯಾದ ಊರು-ಬಡಾವಣೆ ಸೇರಲಿ ಅಂತ ಅಂಚೆ ಇಲಾಖೆ 1972ರಲ್ಲಿ ಪಿನ್ ಕೋಡ್ ತಂದಿತು. ರಾಜಾಜಿನಗರಕ್ಕೆ 560010, ವಿಜಯನಗರಕ್ಕೆ 560040, ಕೆಂಗೇರಿಗೆ 560060. ನೀವು ಎಲ್ಲೇ ನಿಂತು ಬರೆದರೂ ಅದು ಬದಲಾಗಲ್ಲ.

ಕಂಪ್ಯೂಟರಿನಲ್ಲೂ ಇದೇ ಪಾಡು. ಪೈಥಾನ್‌ನಲ್ಲಿ ಬರೆದ ಒಂದು ಕನ್ನಡ ಪದಕೋಶದ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಅದರ ಪಕ್ಕದಲ್ಲೇ ಪದಗಳ ಫೈಲು, ಒಂದು ಫಾಂಟು, ಒಂದೆರಡು ಚಿತ್ರ. ಇವೇ ರಿಸೋರ್ಸ್ ಫೈಲುಗಳು. ಪ್ರೋಗ್ರಾಂನಲ್ಲಿ ಬರೀ "ಪದಗಳ ಫೈಲು ತೆರೆ" ಅಂತ ಬರೆದರೆ ಅದು ಹುಡುಕುವುದು ತಾನಿರುವ ಜಾಗದಲ್ಲಲ್ಲ, ಓಡಿಸಿದವರು ಆಗ ಯಾವ ಫೋಲ್ಡರಿನಲ್ಲಿ ನಿಂತಿದ್ದರೋ ಅಲ್ಲಿ. ಥೇಟ್ ಐದನೇ ಕ್ರಾಸ್! ಇದಕ್ಕೆ ಪೈಥಾನ್ ಕೊಟ್ಟ ಪಿನ್ ಕೋಡ್ ಅಂದರೆ "__ಫೈಲ್__" ಅನ್ನೋ ವೇರಿಯಬಲ್. ಈ ಕೋಡು ಯಾವ ಫೈಲಿನಿಂದ ಬಂತು ಅಂತ ಅದು ಹೇಳುತ್ತದೆ, ಅದರ ಪಕ್ಕದಲ್ಲಿ ಹುಡುಕಿಕೊಂಡರಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರೋಗ್ರಾಂ ಇನ್ನೊಬ್ಬರಿಗೆ ಕೊಡಬೇಕಲ್ಲ? ಅವರ ವಿಂಡೋಸಿನಲ್ಲಿ ಪೈಥಾನ್ ಇರಲ್ಲ. ಅದಕ್ಕೇ ಪೈಥಾನನ್ನೂ ನಮ್ಮ ಕೋಡನ್ನೂ ಸೇರಿಸಿ ಒಂದು ಇಎಕ್ಸ್‌ಇ ಮಾಡುವ ಉಪಕರಣಗಳು ಬಂದವು. ಇದನ್ನು "ಕಂಪೈಲ್" ಅಂತ ಕರೆಯೋದು ರೂಢಿ, ನಿಜದಲ್ಲಿ ಇದು ಗಂಟುಮೂಟೆ ಕಟ್ಟುವ ಕೆಲಸ. ಪೈಥಾನ್ ಜತೆಗೇ ಬರುತ್ತಿದ್ದ ಹಳೆಯ ಉಪಕರಣದ ಹೆಸರು ಫ್ರೀಝ್, ಹಾಗಾಗಿ ಇಂಥ ಪ್ರೋಗ್ರಾಂ ಅಂದರೆ "ಫ್ರೋಜನ್".

ಥಾಮಸ್ ಹೆಲ್ಲರ್ ಅವರ ಪೈ2ಎಕ್ಸ್‌ಇ ಬಂದಾಗ ಏನಾಯಿತು ಅಂದರೆ, ಮಾಡ್ಯೂಲುಗಳೆಲ್ಲ ಒಂದು ಜಿಪ್ ಒಳಗೆ ಸೇರಿಕೊಂಡವು, ಮುಖ್ಯ ಕಡತಕ್ಕೆ "__ಫೈಲ್__" ಅನ್ನೋದೇ ಇಲ್ಲದಾಯಿತು. ಮನೆಯೇನೋ ಇದೆ, ಬಾಗಿಲಲ್ಲಿ ನಂಬರಿಲ್ಲ! ಆಗ ಎಲ್ಲರೂ ಹಿಡಿದ ಉಪಾಯ ಇದು: "ಸಿಸ್.ಫ್ರೋಜನ್" ಇದೆಯಾ ನೋಡು, ಇದ್ದರೆ "ಸಿಸ್.ಎಕ್ಸಿಕ್ಯೂಟಬಲ್", ಅಂದರೆ ಇಎಕ್ಸ್‌ಇಯ ವಿಳಾಸ ತಗೋ, ಅದರ ಪಕ್ಕ ಹುಡುಕು.

ಗಾರ್ಡನ್ ಮೆಕ್‌ಮಿಲನ್ ಅವರ ಇನ್‌ಸ್ಟಾಲರ್‌ನಿಂದ ಬೆಳೆದ ಪೈಇನ್‌ಸ್ಟಾಲರ್‌ದು ಇನ್ನೊಂದು ದಾರಿ. ಅದರ ಒಂದೇ ಫೈಲಿನ ಇಎಕ್ಸ್‌ಇ ಪ್ರತಿ ಸಲ ಓಡಿದಾಗಲೂ ಟೆಂಪ್ ಫೋಲ್ಡರಿನಲ್ಲಿ ಹೊಸ ಜಾಗ ಮಾಡಿ ಸಾಮಾನೆಲ್ಲ ಬಿಚ್ಚುತ್ತದೆ, ಮುಗಿದಾಗ ಖಾಲಿ ಮಾಡಿ ಹೋಗುತ್ತದೆ. ದಿನಕ್ಕೊಂದು ಬಾಡಿಗೆ ಮನೆ ಅನ್ನಿ. ಆ ಜಾಗದ ವಿಳಾಸ "ಸಿಸ್._ಎಂಇಐಪಾಸ್"ನಲ್ಲಿ ಸಿಗುತ್ತದೆ. ಆದರೆ ಬಳಸುವವರು ಸೇರಿಸಿದ ಹೊಸ ಪದಗಳನ್ನು ಅಲ್ಲೇ ಉಳಿಸಿದಿರೋ, ಪ್ರೋಗ್ರಾಂ ಮುಚ್ಚಿದಾಗ ಎಲ್ಲಾ ಮಾಯ.

ಈಗ ನಮ್ಮ ಕನ್ನಡಕ್ಕೆ ಬರೋಣ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜತೆ ಯೂನಿಕೋಡ್ ಕನ್ನಡ ಬಂತು. ಫೋಲ್ಡರಿಗೆ "ಕನ್ನಡ" ಅಂತಲೇ ಹೆಸರಿಡುವುದು ಸಾಧ್ಯವಾಯಿತು. ಪೈಥಾನ್ 2 ಕೂಡ ಯೂನಿಕೋಡ್ ಕನ್ನಡವನ್ನು ಓದುತ್ತಿತ್ತು, ಬರೆಯುತ್ತಿತ್ತು. ಆದರೆ ತಾನಿರುವ ಜಾಗದ ವಿಳಾಸವನ್ನು ಮಾತ್ರ ವಿಂಡೋಸಿನ ಹಳೆಯ ಕೋಡ್ ಪೇಜಿಗೆ ಇಳಿಸಿಕೊಳ್ಳುತ್ತಿತ್ತು. ರಷ್ಯನ್ನಿಗೆ 1251 ಇತ್ತು, ಗ್ರೀಕಿಗೆ 1253, ಥಾಯ್‌ಗೆ 874. ಕನ್ನಡಕ್ಕೆ? ಹಾಗೆ ಸಿಸ್ಟಂಗೆ ಆರಿಸಿಕೊಳ್ಳಬಹುದಾದ ಕೋಡ್ ಪೇಜೇ ಇರಲಿಲ್ಲ! ವಿಂಡೋಸಿಗೆ ಕನ್ನಡ ಯೂನಿಕೋಡ್‌ನಲ್ಲಿ ಮಾತ್ರ ಗೊತ್ತು. ರಷ್ಯಾದವನು ಒಂದು ಸೆಟ್ಟಿಂಗ್ ಬದಲಿಸಿ ಪಾರಾಗಬಹುದಿತ್ತು, ಕನ್ನಡಿಗನಿಗೆ ಆ ದಾರಿಯೂ ಇಲ್ಲ.

ಫಲ ಏನು? "ಕನ್ನಡ" ಅನ್ನೋ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಕ, ನ, ವಿರಾಮ, ನ, ಡ. ಆ ಫೋಲ್ಡರಿನಲ್ಲಿಟ್ಟ ಪ್ರೋಗ್ರಾಂ "ನಾನೆಲ್ಲಿದ್ದೇನೆ?" ಅಂತ ಕೇಳಿದರೆ ಸಿಗುತ್ತಿದ್ದ ಉತ್ತರ "?????". ವಿಂಡೋಸಿನಲ್ಲಿ ಫೈಲಿನ ಹೆಸರಲ್ಲಿ ಪ್ರಶ್ನೆಚಿಹ್ನೆ ಇರುವಂತೆಯೇ ಇಲ್ಲ, ಅಂದರೆ ಅಂಥ ವಿಳಾಸ ಇರುವುದೇ ಸಾಧ್ಯವಿಲ್ಲ. ಒಳಗೆ ಸಾವಿರಾರು ಕನ್ನಡ ಪದ ಇಟ್ಟುಕೊಂಡ ಪದಕೋಶಕ್ಕೆ ತನ್ನ ಮನೆಯ ಬೋರ್ಡು ಕನ್ನಡದಲ್ಲಿದ್ದರೆ ಓದಲು ಬರುತ್ತಿರಲಿಲ್ಲ! ಟೆಂಪ್ ಫೋಲ್ಡರ್ ಇರುವುದು ಬಳಸುವವರ ಹೆಸರಿನ ಫೋಲ್ಡರಿನ ಒಳಗೇ. ಹಾಗಾಗಿ ವಿಂಡೋಸಿನಲ್ಲಿ ಕನ್ನಡದಲ್ಲಿ ಹೆಸರು ಬರೆದುಕೊಂಡವರಿಗೆ ಬಾಡಿಗೆ ಮನೆಯ ದಾರಿಯಲ್ಲೂ ಅದೇ ತೊಡಕು.

ಪರಿಹಾರ ಎರಡು ಕಡೆಯಿಂದ ಬಂತು. ಒಂದು, ವಿಳಾಸವನ್ನೇ ಯೂನಿಕೋಡ್ ಮಾಡುವುದು. 2008ರ ಡಿಸೆಂಬರಿನಲ್ಲಿ ಪೈಥಾನ್ 3.0 ಬಂತು. ಆದರೂ ಇಂಥ ಫೋಲ್ಡರುಗಳಿಂದ ಮಾಡ್ಯೂಲು ಎತ್ತಿಕೊಳ್ಳುವಾಗ ಎಡವುತ್ತಿತ್ತು. 2011ರ 3.2ರಲ್ಲಿ ವಿಕ್ಟರ್ ಸ್ಟಿನ್ನರ್ ದೊಡ್ಡ ಪಾಲು ಸರಿಪಡಿಸಿದರು. 2016ರ 3.6ರಲ್ಲಿ ವಿಂಡೋಸಿನ ಫೈಲು ಹೆಸರುಗಳಿಗೆ ಯುಟಿಎಫ್-8 ಆಯಿತು.

ಎರಡನೆಯದು ನನಗೆ ಹೆಚ್ಚು ಹಿಡಿಸಿದ್ದು: ವಿಳಾಸ ಕೇಳುವುದನ್ನೇ ಬಿಡುವುದು. 2003ರ ಪೈಥಾನ್ 2.3ರಿಂದ ಜಿಪ್ ಒಳಗಿನ ಮಾಡ್ಯೂಲು ನೇರ ಓಡುತ್ತಿತ್ತು. ಜಿಪ್ ಒಳಗಿನ ಫೈಲಿಗೆ ಮಾಮೂಲಿ ವಿಳಾಸ ಎಲ್ಲಿಂದ ಬರಬೇಕು? 2008ರ 2.6ರಲ್ಲಿ "ಗೆಟ್_ಡೇಟಾ", 2018ರ 3.7ರಲ್ಲಿ "ಇಂಪೋರ್ಟ್‌ಲಿಬ್.ರಿಸೋರ್ಸಸ್" ಬಂದವು. "ಪದಗಳ ಫೈಲು ಎಲ್ಲಿದೆ?" ಅನ್ನಬೇಡ, "ಪದಗಳ ಫೈಲು ಕೊಡು" ಅನ್ನು. ಫೋಲ್ಡರೋ ಜಿಪ್ಪೋ ಪೈಥಾನೇ ನೋಡಿಕೊಳ್ಳುತ್ತದೆ. ಇದರ ಬೆಲೆ 2023ರಲ್ಲಿ ಮತ್ತೊಮ್ಮೆ ಗೊತ್ತಾಯಿತು. ಪೈಇನ್‌ಸ್ಟಾಲರ್ 6.0 ಇಎಕ್ಸ್‌ಇಯ ಪಕ್ಕದಲ್ಲಿ ಹರಡಿರುತ್ತಿದ್ದ ಸಾಮಾನನ್ನೆಲ್ಲ "_ಇಂಟರ್ನಲ್" ಅನ್ನೋ ಒಳಕೋಣೆಗೆ ಸೇರಿಸಿತು. ಇಎಕ್ಸ್‌ಇಯ ವಿಳಾಸ ಹಿಡಿದು ಪಕ್ಕದಲ್ಲಿ ತಡಕುವ ಹಳೇ ಪ್ರೋಗ್ರಾಂಗಳಿಗೆ ಕೈಗೆ ಏನೂ ಸಿಗಲಿಲ್ಲ. ವಸ್ತು ಕೇಳಿದವಕ್ಕೆ ತೊಂದರೆಯಿಲ್ಲ.

"ಫೋಲ್ಡರಿಗೆ ಇಂಗ್ಲಿಷ್ ಹೆಸರು ಇಟ್ಟರಾಯ್ತಪ್ಪ, ಏನೀಗ?" ಅನ್ನುವವರಿದ್ದಾರೆ. ಪೈಥಾನ್ 2ರ ಕಾಲ 2020ಕ್ಕೆ ಮುಗಿಯಿತು, ಆ ಮಾತು ಮಾತ್ರ ಇನ್ನೂ ಮುಗಿದಿಲ್ಲ. ನಮ್ಮವರೇ ಮಾಡುವ ಕನ್ನಡ ತಂತ್ರಾಂಶ ಕನ್ನಡದ ಹೆಸರಿನ ಫೋಲ್ಡರಿನಲ್ಲಿ ಓಡದಿದ್ದರೆ ಹೊರಗಿನವರನ್ನು ಏನಂತ ಕೇಳುವುದು? ಪ್ರೋಗ್ರಾಂ ಬರೆಯುವ ಗೆಳೆಯರು ಇನ್ನೊಬ್ಬರಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿ. ಅದನ್ನು "ಕೆಂಗೇರಿ ಉಪನಗರ" ಅನ್ನೋ ಫೋಲ್ಡರಿನಲ್ಲಿಟ್ಟು ಓಡಿಸಿ. ಏತ್ವ, ಸೊನ್ನೆ, ನಡುವೆ ಖಾಲಿ ಜಾಗ ಎಲ್ಲಾ ಇರಲಿ. ಅಲ್ಲಿ ಫೈಲು ಸಿಕ್ಕಿತೋ, ಆಮೇಲೆ ಹಂಚಿ.