ರಾಮನ್ ಕಳುಹಿಸಿದ ಬಿಡಿಪ್ರತಿಗಳು

1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಒಂದು ಭಾಷಣ ಮಾಡಿದರು. ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ನಿನ ಉದ್ಘಾಟನೆ. ವಿಷಯ, ಹೊಸದೊಂದು ವಿಕಿರಣ. ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಅದನ್ನು ಖಚಿತವಾಗಿ ಕಂಡು ಮೂರು ವಾರವೂ ಆಗಿರಲಿಲ್ಲ.

ಪಠ್ಯಪುಸ್ತಕಗಳು ಹೇಳುವುದು ಫೆಬ್ರವರಿ 28ರ ಕಥೆಯನ್ನು. ನನಗೆ ಹೆಚ್ಚು ಕುತೂಹಲವಿರುವುದು ಆಮೇಲಿನ ಅವಸರದ ಬಗ್ಗೆ. ಭಾಷಣವು ಅದೇ ತಿಂಗಳ ಕೊನೆಗೆ, 1926ರಲ್ಲಿ ರಾಮನ್ನರೇ ಶುರುಮಾಡಿದ್ದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಯಿತು. ಅದರ ಬಿಡಿಪ್ರತಿಗಳನ್ನು ಅವರು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು.

ಅವಸರಕ್ಕೆ ಅರ್ಥವಿತ್ತು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು. ಅವರ ಪ್ರಬಂಧ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಗುವಷ್ಟರಲ್ಲಿ ಜುಲೈ ಬಂದಿತ್ತು. 1930ರ ನೊಬೆಲ್ ರಾಮನ್ ಒಬ್ಬರಿಗೇ ಸಂದಿತು. (ಅದು ನ್ಯಾಯವೇ ಎಂಬ ಜಗಳ ಇನ್ನೂ ಮುಗಿದಿಲ್ಲ.) ಆದ್ದರಿಂದ ಆ ಅಂಚೆಯನ್ನು ಬರೀ ಔದಾರ್ಯ ಎನ್ನಲಾರೆ, ತಾನೇ ಮೊದಲಿಗ ಅನಿಸಿಕೊಳ್ಳುವ ಹಟವೂ ಅದರಲ್ಲಿತ್ತು. ಹಟದಿಂದಲಾದರೂ ಲಾಭವಾದದ್ದು ಓದುವವರಿಗೆ.

1934ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಹಳೆಯ ಸಂಪುಟಗಳು ಇಂದು ಅಂತರ್ಜಾಲದಲ್ಲಿ ಉಚಿತ. ಬೆಂಗಳೂರಿನ ಆ ಭಾಷಣವೂ ಸಿಗುತ್ತದೆ. ಹಾಸ್ಟೆಲ್ಲಿನಲ್ಲಿ ಮಲಗಿಕೊಂಡೇ ಮೊಬೈಲಿನಲ್ಲಿ ಓದಿದೆ. ಅದೇ ರಾತ್ರಿ ನನ್ನ ಪಿಎಚ್‌.ಡಿ.ಗೆ ಬೇಕಾದ, ಅಷ್ಟೇ ಹಳೆಯದಾದ ಇನ್ನೊಂದು ಪ್ರಬಂಧವನ್ನು ತೆರೆಯಹೋದರೆ ವಿದೇಶಿ ಪ್ರಕಾಶಕರು ಕೇಳಿದ ಹಣ ನನ್ನ ಒಂದು ವಾರದ ಮೆಸ್ ಬಿಲ್ಲಿಗಿಂತ ಹೆಚ್ಚು. ಒಂದು ಪ್ರತಿ ಕಳಿಸಿ ಎಂದು ಲೇಖಕರಿಗೇ ಬರೆಯೋಣವೆಂದರೆ, ಅವರು ತೀರಿಕೊಂಡು ದಶಕಗಳೇ ಆಗಿವೆ.